ಒಳಗಿದ್ದ ತಾತ ಹೊರಗಾದದ್ದು

ಇಲ್ಲ, ಅದು ನಾನಲ್ಲ. ನನಗೆ ಗೊತ್ತಿರುವ ಒಬ್ಬ ತಾತನ ಕಥೆ ಅಂತ ಮೊದಲೇ ಹೇಳಿದೆನಲ್ಲ. ಅವನಿಗೂ ಬೋಳುತಲೆ, ನನಗೂ ಬೋಳುತಲೆ. ಅಷ್ಟಕ್ಕೇ ಹಾಗೆ ಕಣ್ಣು ಮಿಟುಕಿಸಬೇಡಿ. ನಂಬುವುದಾದರೆ ಕೂತು ಕೇಳಿ, ನಂಬದಿದ್ದರೂ ಕೂತು ಕೇಳಿ. ಊಟಕ್ಕೆ ಇನ್ನೂ ಹೊತ್ತಿದೆ.

ಈ ತಾತನ ಪರಮ ಶತ್ರು ಅವನ ಹೆಂಡತಿಯ ತಮ್ಮ. ಚೆಸ್ಸಿನಲ್ಲಿ ಆ ಭಾವಮೈದನನ್ನು ತಾತ ಒಂದು ಸಲವೂ ಸೋಲಿಸಿರಲಿಲ್ಲ. (ತಾತನ ಹಲ್ಲು ಉದುರಿದ್ದು ವಯಸ್ಸಿನಿಂದಲ್ಲ, ಸೋತಾಗಲೆಲ್ಲ ಕಟಕಟ ಕಡಿದು.) ಕೊನೆಗೆ ಇಬ್ಬರೂ ಪಂಥ ಕಟ್ಟಿದರು. ಸೋತವನು ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಎದ್ದು ನಿಂತು, ‘ನನಗೆ ಚೆಸ್ ಬರೋದಿಲ್ಲ, ಇವನೇ ನನ್ನ ಗುರು’ ಅನ್ನಬೇಕು.

ಆಟ ಫೋನಿನಲ್ಲಿ. ಬಡಾವಣೆಯ ಚೆಸ್ ಕೂಟಕ್ಕೆ ಆಪ್ ಮಾಡಿಕೊಟ್ಟವಳು ತಾತನ ಸೊಸೆಯೇ. ಆದರೆ ಆ ಆಪ್‌ಗೆ ತಾತನ ಮೇಲೆ ಕಿಂಚಿತ್ತೂ ಗೌರವವಿಲ್ಲ. ಲಾಗಿನ್ ಒತ್ತಿದರೆ ಒಳಗೆ ಬಿಡುವ ಬದಲು ಕತ್ತು ಹಿಡಿದು ಬ್ರೌಸರಿಗೆ ದಬ್ಬುತ್ತದೆ. ಅಲ್ಲಿ ಕೂಟದ ಪುಟಕ್ಕೆ ಪಾಸ್‌ವರ್ಡ್ ಒಪ್ಪಿಸಿ ಮತ್ತೆ ಆಪ್‌ಗೆ ಮರಳಬೇಕು.

ನಮ್ಮನೆ ಆಪ್‌ಗೆ ನಾನು ಬೀದಿ ಸುತ್ತಿ ಬರಬೇಕೇನಮ್ಮ ಅಂತ ತಾತ ಗೊಣಗಿದ. ಸೊಸೆ ತಾಳ್ಮೆಯಿಂದ ಹೇಳಿದಳು: “ಮಾವ, ನಿಮ್ಮ ಪಾಸ್‌ವರ್ಡ್ ನನ್ನ ಆಪ್‌ಗೂ ಗೊತ್ತಾಗಬಾರದು. ಕೂಟದ ಪುಟ ನಿಮ್ಮನ್ನ ಗುರುತು ಹಿಡಿದು ಆಪ್‌ಗೆ ಒಂದು ಟೋಕನ್ ಕೊಡತ್ತೆ. ಟೋಕನ್ ಇರೋವರೆಗೂ ಯಾರೂ ನಿಮ್ಮನ್ನ ಏನೂ ಕೇಳಲ್ಲ. ಮರೆಯದಂಥ ಪಾಸ್‌ವರ್ಡ್ ಇಡಿ, ಸಾಕು.”

ತಾತ ಅಡುಗೆಮನೆಗೆ ಕೇಳುವ ಹಾಗೆ ಘೋಷಿಸಿದ: “ನನ್ನ ಹೆಂಡತಿ ಹುಟ್ಟಿದ ದಿನ ಇಡ್ತೀನಿ. ಅದನ್ನ ಮರೆಯೋಕಾಗತ್ತಾ?” ಅವತ್ತು ತಾತನಿಗೆ ಕೇಳದೆಯೇ ಎರಡನೇ ಲೋಟ ಕಾಫಿ ಬಂತು. ದಿನವನ್ನು ಸೊಸೆಯ ಹತ್ತಿರ ಪಿಸುಗುಟ್ಟಿ ಕೇಳಿಕೊಂಡಿದ್ದು ಬೇರೆ ವಿಷಯ.

ಟೋಕನ್ ಸಿಕ್ಕಿದ್ದೇ ತಾತ ಆಪ್ ಒಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಲಾಗ್ಔಟ್ ಅನ್ನುವ ಗುಂಡಿಯನ್ನು ಹಾವು ಕಂಡ ಹಾಗೆ ನೋಡುತ್ತಿದ್ದ. ಒಮ್ಮೆ ಭಾವಮೈದನ ಮನೆಯಲ್ಲಿ ತನ್ನ ಫೋನಿನ ಚಾರ್ಜು ಮುಗಿದಾಗ ಅವನ ಫೋನಿನಲ್ಲೇ ಲಾಗಿನ್ ಆಗಿ ಆಡಿದವನು, ಹಾಗೇ ಎದ್ದು ಮನೆಗೆ ಬಂದ.

ಇವತ್ತು ಬೆಳಿಗ್ಗೆ ಪಂಥದ ಆಟ. ಭಾವಮೈದ ಅವನ ಮನೆಯಲ್ಲಿ ಕಂಪ್ಯೂಟರ್ ಮುಂದೆ, ತಾತ ಹಜಾರದಲ್ಲಿ ಫೋನ್ ಹಿಡಿದು. ಪಕ್ಕದಲ್ಲೇ ಹೆಂಡತಿ ಬಟಾಣಿ ಸುಲಿಯುತ್ತಿದ್ದಳು. ಯಾಕೋ ಮನೆಯಲ್ಲಿ ಅಡುಗೆಯ ಸಂಭ್ರಮ ಜೋರಾಗಿತ್ತು. ತಾತ ಅದು ತನ್ನ ವಿಜಯೋತ್ಸವಕ್ಕೆ ಅಂದುಕೊಂಡ. ಆಡಿದ ನೋಡಿ, ಫೋನು ಕಾದು ಕೆಂಡವಾಗುವ ಹಾಗೆ ಆಡಿದ. ಭಾವಮೈದನ ರಾಜ ಮೂಲೆ ಸೇರಿ ಗಡಗಡ ನಡುಗುತ್ತಿದ್ದ. ಅಷ್ಟರಲ್ಲಿ ತಾತನ ಕುದುರೆ, ತಾತ ಮುಟ್ಟದೆಯೇ, ಟಕ್ಕನೆ ಹಿಂದಕ್ಕೆ ನೆಗೆಯಿತು.

ಆಪ್‌ಗೆ ದೆವ್ವ ಹಿಡಿದಿದೆ ಅಂತ ತಾತ ಸೊಸೆಯನ್ನು ಕೂಗಿದ. ಅವಳು ಬಂದು ತನ್ನ ಕಂಪ್ಯೂಟರಿನಲ್ಲಿ ನೋಡಿದಳು. “ದೆವ್ವ ಅಲ್ಲ ಮಾವ. ನಿಮ್ಮ ಹೆಸರಲ್ಲಿ ಇನ್ನೊಂದು ಫೋನೂ ಒಳಗಿದೆ. ನಿಮ್ಮ ಭಾವಮೈದನ ಫೋನಲ್ಲಿ ಟೋಕನ್ ಬಿಟ್ಟು ಬಂದಿದ್ದೀರಾ?”

“ಕಿತ್ತುಹಾಕು ಅದನ್ನ.”

“ಒಂದನ್ನೇ ಕೀಳೋ ಸೌಲಭ್ಯ ಇನ್ನೂ ಮಾಡಿಲ್ಲ. ಕಿತ್ತರೆ ಈ ಫೋನಿಂದೂ ಸೇರಿ ನಿಮ್ಮ ಎಲ್ಲ ಟೋಕನ್ನೂ ಹೋಗತ್ತೆ. ಮತ್ತೆ ಲಾಗಿನ್ ಆಗ್ತೀರಲ್ಲ?”

“ನನ್ನ ಪಾಸ್‌ವರ್ಡ್ ನನಗೆ ಗೊತ್ತಿಲ್ವಾ? ಕೀಳು.”

ಕಿತ್ತಳು. ಆಪ್ ತಾತನನ್ನು ಬ್ರೌಸರಿಗೆ ದಬ್ಬಿತು. ಸೊಸೆ ಒಲೆ ನೋಡಲು ಒಳಗೆ ಹೋದಳು. ಪಾಸ್‌ವರ್ಡ್ ಜಾಗದಲ್ಲಿ ಕಡ್ಡಿ ಮಿಣಮಿಣ ಅನ್ನುತ್ತಿತ್ತು. ತಾತನ ತಲೆ ಹೊರಗಿನಂತೆ ಒಳಗೂ ಬೋಳಾಗಿತ್ತು.

ಕುದುರೆ ಹಿಂದೆ ನೆಗೆದಿದ್ದರೂ ಇನ್ನೊಂದೇ ನಡೆಗೆ ಗೆಲುವು. ಆಟದ ಗಡಿಯಾರ ಓಡುತ್ತಿದೆ. ಒಂದು ತಾರೀಖು ಹಾಕಿದ, ತಪ್ಪು. ಇನ್ನೊಂದು ಹಾಕಿದ, ಅದು ಅವನ ಮದುವೆಯದ್ದು, ಅಥವಾ ಅವನ ಅಣ್ಣನ ಮದುವೆಯದ್ದು. ಪಾಸ್‌ವರ್ಡ್ ಬದಲಿಸೋಣವೆಂದರೆ ಮೇಲ್ ತೆರೆಯಬೇಕು; ಮೇಲ್‌ಗೂ ಅದೇ ಪಾಸ್‌ವರ್ಡ್. ಒಳಗೆ ಹೋಗಿ ಸೊಸೆಯ ಹತ್ತಿರ ಪಿಸುಗುಟ್ಟಲು ಹೊತ್ತಿಲ್ಲ, ಕೂಗಿ ಕೇಳಿದರೆ ಹೆಂಡತಿಗೂ ಕೇಳುತ್ತದೆ. ಉತ್ತರ ಪಕ್ಕದಲ್ಲೇ ಬಟಾಣಿ ಸುಲಿಯುತ್ತಾ ಕೂತಿದೆ. ಆದರೆ ಕೇಳುವುದು ಹೇಗೆ? ಕೇಳಿದರೆ ಆಟ ಗೆಲ್ಲಬಹುದು, ಮುಂದೆ ಆ ಮನೆಯಲ್ಲಿ ಬದುಕುವುದು ಹೇಗೆ?

“ಏನ್ರೀ, ಬೆವರ್ತಿದ್ದೀರಾ?” ಅಂದಳು ಹೆಂಡತಿ.

“ಸೆಕೆ” ಅಂದ ತಾತ. ಹೊತ್ತು ಮುಗಿದು ಗಡಿಯಾರ ನಿಂತಿತು. ಆಟ ಹೋಯಿತು.

ಆಮೇಲಾ? ಆಮೇಲೆ ಆ ತಾತ ಊಟದ ಕೋಣೆ ಕಡೆ ಹೋಗದೆ, ಜಗುಲಿಯಲ್ಲಿ ಸಿಕ್ಕಿದವರನ್ನು ಕೂರಿಸಿಕೊಂಡು ಕಥೆ ಹೇಳುತ್ತಾ... ಅಂದರೆ, ಹೇಳುತ್ತಿರಬಹುದು, ನನಗೇನು ಗೊತ್ತು?

“ರೀ, ಊಟಕ್ಕೆ ಬನ್ನಿ. ತಮ್ಮ ಆಗಲೇ ಬಂದು ಕೂತಿದ್ದಾನೆ. ನೀವು ಎದ್ದು ನಿಂತು ಅದೇನೋ ಹೇಳೋವರೆಗೂ ತುತ್ತು ಎತ್ತಲ್ವಂತೆ.”

ಬಂದೆ, ಬಂದೆ.

“ನನಗೆ ಅಂತ ಒಂದು ಸೀರೆನೂ ತಂದಿದ್ದಾನೆ. ನನ್ನ ಹುಟ್ಟಿದ ದಿನ ಇವತ್ತು ಅಂತ ಅವನಿಗಾದ್ರೂ ನೆನಪಿದೆ.”