ಒಂದು ಹನಿ ಹೆಚ್ಚಾದರೆ

ಹುಡುಗರ ಕೈಗೆ ಬ್ಯುರೆಟ್ ಕೊಟ್ಟ ಮೇಲೆ ನಗಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸು ನಾನು ಬೆಳಗಾವಿಯಿಂದ ದಿನಾ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ ಪಿಯುಸಿ ಮಕ್ಕಳಿಗೆ ಟೈಟ್ರೇಶನ್ ಕಲಿಸುತ್ತಿದ್ದೆ. ಕೇಳಲು ಸುಲಭ. ಕೆಳಗೆ ಫ್ಲಾಸ್ಕಿನಲ್ಲಿ ಆಸಿಡ್, ಅದರೊಳಗೆ ಒಂದೆರಡು ಹನಿ ಇಂಡಿಕೇಟರ್. ಮೇಲೆ ಬ್ಯುರೆಟ್ ಎಂಬ ಉದ್ದನೆಯ ಗಾಜಿನ ನಳಿಗೆಯಿಂದ ಹನಿಹನಿಯಾಗಿ ಕ್ಷಾರ ಬಿಡಬೇಕು. ನೀರಿನಂತಿದ್ದದ್ದು ತಿಳಿ ಗುಲಾಬಿಯಾದ ಕೂಡಲೇ ನಲ್ಲಿ ಬಂದ್. ಅದೇ ಎಂಡ್ ಪಾಯಿಂಟ್.

ಸೀರೆಯ ಬಣ್ಣ

ದೇಸೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಪ್ರತಿ ಸಲ ನಲ್ಲಿ ತಡವಾಗಿ ಬಂದ್ ಮಾಡುವಳು. ಫ್ಲಾಸ್ಕು ಬೀಟ್‌ರೂಟ್ ರಸದಂತಾಗುತ್ತಿತ್ತು.

“ಇಷ್ಟ ಗಾಢ ಆಗಬಾರ್ದವಾ. ಐತೋ ಇಲ್ಲೋ ಅನ್ನೂವಷ್ಟ ಗುಲಾಬಿ ಸಾಕು,” ಎಂದೆ.

ಅವಳು ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಅಂಥಾ ಬಣ್ಣದ ಸೀರಿ ಅಂಗಡ್ಯಾಗ ನಮ್ಮವ್ವ ಕೈಲೆ ಸುದ್ದಾ ಮುಟ್ಟೂದಿಲ್ರಿ ಸರ್. ಒಂದ ನೀರಿಗೆ ಹೋಗ್ತೈತಿ ಅಂತಾಳ.”

ಅರಿಶಿನದ ಕಲೆ

ಪೀರನವಾಡಿಯ ನೆಂಟರ ಮನೆಯಲ್ಲಿ ಉಣ್ಣುವಾಗ ನನ್ನ ಬಿಳಿ ಅಂಗಿಯ ಮೇಲೆ ಬಟಾಟಿ ಪಲ್ಯ ಬಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಸಾಬೂನು ತಿಕ್ಕಿದಳು. ಹಳದಿ ಕಲೆ ಕೆಂಪಾಯಿತು. ಅವಳು ಗಾಬರಿಯಾಗಿ ಕೂಗಿದಳು. ನನಗೋ ಮನೆಯಲ್ಲೇ ಪಾಠ ಸಿಕ್ಕ ಸಂತೋಷ.

“ಅರಿಷಿಣನೂ ಒಂದ ಇಂಡಿಕೇಟರ್. ಸಾಬೂನು ಕ್ಷಾರ, ಅದಕ್ಕ ಕೆಂಪಾತು. ಈಗ ನೋಡು,” ಎಂದು ನಿಂಬೆಹಣ್ಣು ಹಿಂಡಿದೆ. ಕಲೆ ಮತ್ತೆ ಹಳದಿಯಾಯಿತು.

ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಹಳದಿ ಹೋಗಿ ಕೆಂಪಾತು, ಕೆಂಪ ಹೋಗಿ ಹಳದಿ ಆತು, ಖರೇ. ಅಂಗಿ ಬೆಳ್ಳಗಾಗೂದು ಯಾವಾಗ್ರಿ?”

ಪರೀಕ್ಷಕರು

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದವರು ದಪ್ಪ ಮೀಸೆಯ, ಸುಲಭಕ್ಕೆ ನಗದ ಮನುಷ್ಯ. ಒಬ್ಬ ಹುಡುಗನ ಬಾಜೂಕೇ ನಿಂತುಬಿಟ್ಟರು. ಅವರ ಕಡೆಯೇ ನೋಡುತ್ತ ಅವನು ಆಗಲೇ ಎರಡು ಸಲ ಹನಿ ಹೆಚ್ಚು ಬಿಟ್ಟು ಬಣ್ಣ ಕೆಡಿಸಿದ್ದ; ಇನ್ನೊಮ್ಮೆ ಕೆಟ್ಟರೆ ಮಾರ್ಕು ಹೋದ ಹಾಗೇ.

“ಎಂಡ್ ಪಾಯಿಂಟ್ ಯಾವಾಗ ಬರ್ತದಪಾ?” ಎಂದು ಕೇಳಿದರು.

“ನೀವು ಆಚಿ ಟೇಬಲ್ಲಿಗೆ ಹೋದಕೂಡ್ಲೆ ಬರ್ತೈತ್ರಿ ಸರ್.”

ಅವರು ಮೀಸೆಯಡಿ ನಕ್ಕು ಆಚೆ ಸರಿದರು. ಅದು ಬಂತು ಕೂಡ, ಚೊಕ್ಕ ತಿಳಿ ಗುಲಾಬಿ.

ನಿದ್ದೆ ಮತ್ತು ಪಾಠ

ಒಂದು ಬೆಳಿಗ್ಗೆ ರೈಲಿನಲ್ಲಿ ನಿದ್ದೆ ಹತ್ತಿತು. ಕಣ್ಣು ಬಿಟ್ಟರೆ ಸುತ್ತ ಕಾಡು. ಖಾನಾಪುರ ದಾಟಿ ಲೋಂಡಾ ಬಂದಿತ್ತು. ಅಲ್ಲಿನ ಎಸ್‌ಟಿಡಿ ಬೂತಿನಿಂದ ಕಾಲೇಜಿಗೆ ಫೋನ್ ಮಾಡಿದೆ. ಎತ್ತಿದವನು ಜವಾನ; ಸುದ್ದಿ ಊರಿಗೆಲ್ಲ ಹಬ್ಬಲು ಅಷ್ಟು ಸಾಕು. ಬಸ್ಸು ಹಿಡಿದು ಲ್ಯಾಬು ಮುಟ್ಟಿ, ಏನೂ ಆಗದವನಂತೆ ಪಾಠ ಶುರು ಮಾಡಿದೆ.

“ಆಸಿಡ್ ಮತ್ತ ಕ್ಷಾರ ಸರೀ ಸಮ ಆಗೂದು ಈಕ್ವಿವಲೆನ್ಸ್ ಪಾಯಿಂಟ್. ಅದು ಕಣ್ಣಿಗೆ ಕಾಣೂದಿಲ್ಲ. ಬಣ್ಣ ತಿರುಗಿ ನಮಗ ಗೊತ್ತಾಗೂದು ಎಂಡ್ ಪಾಯಿಂಟ್. ಎರಡೂ ಆದಷ್ಟು ಹತ್ತಿರ ಇರಬೇಕು. ಯಾರರೆ ಒಂದು ಉದಾಹರಣೆ ಕೊಡ್ರಿ.”

ಮರಾಠಿ ಸಾಲಿಯಿಂದ ಬಂದ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಗಾಡಿ ಖಾನಾಪುರ ಮುಟ್ಟೂದು ಈಕ್ವಿವಲೆನ್ಸ್ ಪಾಯಿಂಟ್. ನಿಮಗ ಎಚ್ಚರಾಗೂದು ಎಂಡ್ ಪಾಯಿಂಟ್.”