ಚಹಾ ಆದಮೇಲೆ ಹೇಳುವ ಸುದ್ದಿ

ಸುದ್ದಿ ಹೇಳುವುದನ್ನು ನಾನು ಕಲಿತದ್ದು ನಮ್ಮ ಅಜ್ಜಿಯಿಂದ. ಹೊರ್ತಿಯ ನಮ್ಮ ಮನೆಗೆ ಯಾರಾದರೂ ಕೆಟ್ಟ ಸುದ್ದಿ ತಂದರೆ ಹೊಸ್ತಿಲಲ್ಲೇ ಒದರುವ ಪದ್ಧತಿ ಇರಲಿಲ್ಲ. ಮೊದಲು ‘ಎಲ್ಲಾರೂ ಆರಾಮ ಅದಾರ’ ಎನ್ನಬೇಕು. ಕೈಕಾಲಿಗೆ ನೀರು, ಆಮೇಲೆ ಚಹಾ, ಮಳೆಬೆಳೆಯ ಮಾತು. ಬಸಿಯಲ್ಲಿ ಕೊನೆಯ ಗುಟುಕು ಉಳಿದಾಗ ‘ಹಂಗ ನೋಡ್ರಿ, ಕಾಕಾ ಹೋಗಿಬಿಟ್ಟ’ ಎಂದು ಮೆಲ್ಲಗೆ ಇಳಿಸಬೇಕು. ಎದುರಿನವರ ಎದೆ ಗಟ್ಟಿಯಾಗಲು ಅಷ್ಟು ಹೊತ್ತಾದರೂ ಬೇಕು ಎಂದು ಅಜ್ಜಿ ನಂಬಿದ್ದಳು. ಇಂಥ ಮನೆತನದ ನನಗೆ, ಬಾಗೇವಾಡಿಯ ಸಣ್ಣದೊಂದು ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ಘಟನಾ ವರದಿ ಬರೆಯಲು ಕಲಿಸುವ ಕೆಲಸ ಬಿದ್ದಿದೆ. ವಾರ್ಡಿನಲ್ಲಿ ಯಾರಾದರೂ ಜಾರಿ ಬಿದ್ದರೆ ಏನಾಯಿತು, ಎಲ್ಲಿ ಆಯಿತು, ಹತ್ತಿರ ಯಾರಿದ್ದರು ಎಂದು ಬರೆದು ಡಾಕ್ಟರಿಗೆ ಮುಟ್ಟಿಸುವ ಹಾಳೆ ಅದು.

ಸಿಂದಗಿಯಿಂದ ಹೊಸದಾಗಿ ಬಂದ ಮಲ್ಲಮ್ಮ ವಾರ್ಡಿನ ಅಜ್ಜನೊಬ್ಬನ ಬಗ್ಗೆ ಬರೆದ ಮೊದಲ ವರದಿ ಹೀಗಿತ್ತು: ‘ಅಜ್ಜಾರು ಆರಾಮ ಇದ್ದಾರೆ. ಮುಂಜಾನೆ ಉಪ್ಪಿಟ್ಟು ತಿಂದು ಚಹಾ ಕುಡಿದಿದ್ದಾರೆ. ನಾಲತವಾಡದಿಂದ ಮಗಳು ಬಂದು ಮಾತಾಡಿಸಿ ಹೋಗಿದ್ದಾರೆ.’ ಹಾಳೆಯ ತಳದಲ್ಲಿ, ಸಹಿಯ ನೆತ್ತಿಯ ಮೇಲೆ, ‘ನಡುವೆ ಒಮ್ಮೆ ಸಂಡಾಸದ ಮುಂದೆ ಬಿದ್ದಿದ್ದರು.’ ಅವಸರದಲ್ಲಿದ್ದ ಡಾಕ್ಟರು ‘ಆರಾಮ’ದ ತನಕ ಓದಿ ಹಾಳೆ ಮಡಚಿಟ್ಟರು. ಅಜ್ಜನ ಮಣಿಕಟ್ಟು ಮುರಿದದ್ದು ಗೊತ್ತಾದದ್ದು ಸಂಜೆ ಕೈ ಊದಿಕೊಂಡಾಗ.

“ಬಿದ್ದಾರಂತ ಮೊದಲನೇ ಸಾಲಿನ್ಯಾಗ ಬರೀಬೇಕವಾ,” ಎಂದೆ.

“ಒಮ್ಮಿಗಲೇ ಹಂಗ ಬರದ್ರ ಸಾಹೇಬ್ರು ಗಾಬರಿ ಆಗಂಗಿಲ್ಲೇನ್ರಿ ಮೇಡಂ?”

“ಗಾಬರಿ ಆಗ್ಲಿ ಅಂತನ ಅವ್ರಿಗೆ ಪಗಾರ ಕೊಡ್ತಾರ!”

ಹುಡುಗಿ ಜಾಣೆ, ಬೇಗ ಕಲಿತಳು. ಕಲಿಸಿದವಳ ಕಥೆ ಬೇರೆ. ನಾನಿರುವುದು ಬಸ್ ಸ್ಟ್ಯಾಂಡಿನ ಹಿಂದೆ, ಬಾಡಿಗೆ ಮನೆಯಲ್ಲಿ, ಒಬ್ಬಳೇ. ಅಲ್ಲಿ ನನ್ನ ಜೊತೆ ದನಿ ಎತ್ತಿ ಮಾತಾಡುವುದು ಕುಕ್ಕರ್ ಒಂದೇ. ಅದೂ ಬೇಳೆ ಬೆಂದಮೇಲೆ ಸುಮ್ಮನಾಗುತ್ತದೆ. ಹೋದ ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಬಲಗೈ ಉಳುಕಿತು. ‘ಅಯ್ಯೋ’ ಎಂದದ್ದು ಗೋಡೆಗೆ ಬಡಿದು ನನಗೇ ವಾಪಸ್ ಬಂತು. ಸಂಜೆ ಇಂಡಿ ಊರಲ್ಲಿರುವ ತಂಗಿಗೆ ಫೋನ್ ಮಾಡಿ, ಅವಳ ಮೊಮ್ಮಗನ ಹಲ್ಲು, ಈ ಸಲದ ಜೋಳ ಎಲ್ಲ ಮಾತಾಡಿದೆ. “ಆರಾಮ ಅದೀಯಿಲ್ಲೋ ಅಕ್ಕಾ?” ಎಂದಳು. “ಆರಾಮ,” ಎಂದೆ. ಚಹಾ ಆದಮೇಲೆ ಹೇಳೋಣವೆಂದರೆ ಫೋನಿನಲ್ಲಿ ಚಹಾ ಎಲ್ಲಿಯದು? “ಇಡ್ಲಾ ಹಂಗಾರ?” ಎಂದು ಫೋನ್ ಇಟ್ಟುಬಿಟ್ಟಳು.

ಮರುದಿನ ಮಲ್ಲಮ್ಮ ನನ್ನ ಪಟ್ಟಿ ಕಟ್ಟಿದ ಕೈ ನೋಡಿದಳು. “ಏನಾತ್ರಿ ಮೇಡಂ?”

“ಏನಿಲ್ಲವಾ, ಆರಾಮ ಅದೇನಿ. ನಿಂದು ನಾಷ್ಟಾ ಆತ?”

“ಮೇಡಂ, ಮೊದಲನೇ ಸಾಲು!”

“ಬಿದ್ದೆ,” ಎಂದೆ.

“ಬಾಜೂಕ ಯಾರಿದ್ರು?”

ಆ ಪ್ರಶ್ನೆ ಕಲಿಸಿದವಳೂ ನಾನೇ. ಯಾರೂ ಇರದಿದ್ದರೆ ಯಾರೂ ಇರಲಿಲ್ಲ ಎಂದೇ ಬರೆಯಿರಿ, ಖಾಲಿ ಬಿಡಬೇಡಿ ಎಂದು ಗಂಟಲು ಹರಿದುಕೊಂಡವಳು. ಈಗ ಮೇಜಿನ ಮೇಲಿನ ಹಾಳೆಗಳನ್ನು ಎಡಗೈಯಿಂದ ಜೋಡಿಸತೊಡಗಿದೆ. ಮಲ್ಲಮ್ಮ ನನ್ನ ಫೋನ್ ಎತ್ತಿಕೊಂಡು, ಹಿಂದಿನ ಸಂಜೆ ಮಾತಾಡಿದ್ದ ತಂಗಿಯ ನಂಬರಿಗೇ ರಿಂಗ್ ಕೊಟ್ಟು ನನ್ನ ಕಿವಿಗೆ ಹಿಡಿದಳು. “ನಾ ಬಿದ್ದೇನಿ, ನೀ ಬಾ,” ಎಂದೆ. ಅಷ್ಟು ಚೊಕ್ಕ ವರದಿಯನ್ನು ನಾನು ಜನ್ಮದಲ್ಲಿ ಕೊಟ್ಟಿರಲಿಲ್ಲ.

ತಂಗಿ ಮರುದಿನ ಮುಂಜಾನೆಯ ಬಸ್ಸಿಗೇ ಬಂದಳು. ಚೀಲ ಇಳಿಸುವ ಮೊದಲೇ, “ಸತ್ತಿದ್ರೂ ಆರಾಮ ಅದೇನಿ ಅಂತಿದ್ದಿ ನೀ!” ಎಂದು ಬೈದಳು. ಎಷ್ಟು ದಿನವಾಗಿತ್ತು, ಆ ಮನೆಯಲ್ಲಿ ಒಬ್ಬರು ಬೈದು! ಆಮೇಲೆ ಅವಳ ಮುಖ ನೋಡಿದೆ. ಇಳಿದುಹೋಗಿತ್ತು.

“ನೀ ಹೆಂಗದೀ?” ಎಂದೆ.

“ನಾ ಆರಾಮ ಅದೇನಿ ಅಕ್ಕಾ. ನೀ ಮೊದಲ ಚಹಾ ಇಡು, ಆಮ್ಯಾಲ ಹೇಳ್ತೇನಿ.”

ಮೊದಲನೇ ಸಾಲು ಹೇಳು ಎನ್ನಬಹುದಿತ್ತು. ಎನ್ನಲಿಲ್ಲ. ಎಡಗೈಯಿಂದ ಗ್ಯಾಸ್ ಸಣ್ಣ ಮಾಡಿ, ಚಹಾ ಆದಷ್ಟು ತಡವಾಗಿ ಕುದಿಯಲೆಂದು ಕಾಯುತ್ತ ನಿಂತೆ.