ಯಾರಾದ್ರೂ ನನ್ನ ಬುಟ್ಟಿಗಿ ಬಯ್ರೀ!

ನಮ್ಮ ಕಲಬುರಗಿ ಮಂದಿಗಿ ಮಾರಿ ಮುಂದ "ನಿಂದು ಛಲೋ ಇಲ್ಲ" ಅನ್ನಾಕ ಬರೂದೇ ಇಲ್ಲ. ಬೆನ್ನ ಹಿಂದ ಅಂತಾರ, ಆ ಮಾತು ಬ್ಯಾರೆ. ಡಿಸೈನ್‌ನ್ಯಾಗ ಎಂ.ಡೆಸ್. ಓದೋ ನನ್ನಂಥೋರಿಗಿ ಈ ಒಳ್ಳೇತನದಿಂದ ದಿನಾ ಒಂದಿಲ್ಲೊಂದು ಫಜೀತಿ.

ನಾ ಮಾಡಿದ್ದು ಒಂದು ಮಡಚೋ ಬುಟ್ಟಿ. ಕಮಲಾಪುರದ ಕೆಂಪು ಬಾಳೆಹಣ್ಣು ಬಸ್ಸಿನ್ಯಾಗ ನುಜ್ಜಾಗದಂಗ ಒಯ್ಯಾಕ. ನಮ್ಮ ಗೈಡ್ ಮೇಡಂ ಅದನ್ನ ತಿರುವಿ ಮುರುವಿ ನೋಡಿ, "ಬಳಸೋರ ಹತ್ರ ಹೋಗಿ ಇದರಾಗಿನ ತಪ್ಪು ಕೇಳ್ಕೊಂಡು ಬಾ. ಒಂದೂ ತಪ್ಪು ತರಲಿಲ್ಲಂದ್ರ ಫೈನಲ್ ಪರೀಕ್ಷಾಕ್ಕ ಕೂಡಸೂದಿಲ್ಲ," ಅಂದ್ರು. ಮನ್ಯಾಗ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಈ ಸಲ ಪಾಸಾಗಲಿಲ್ಲಂದ್ರ ಕಾಕಾನ ಸಿಮೆಂಟ್ ಅಂಗಡ್ಯಾಗ ಕೂಡು." ಬಣ್ಣ, ಆಕಾರ, ಮನಷ್ಯಾರ ಕೈಕಾಲಿನ ಅಳತಿ ಎಲ್ಲಾ ಓದಿ ಕಡೀಕ ಸಿಮೆಂಟ್ ಚೀಲ ಕಾಯೂದಾ? ಯಾರರ ಬೈಲೆಪ್ಪಾ ಅಂತ ಬುಟ್ಟಿ ಹಿಡ್ಕೊಂಡು ಹೊಂಟೆ.

ಆಯಿ ತಗೊಂಡ ಇಂಟರ್‌ವ್ಯೂ

ಮೊದಲು ಶರಣಬಸವೇಶ್ವರ ಗುಡಿ ಹಿಂದಿನ ಓಣ್ಯಾಗ ಒಬ್ಬ ಆಯಿ ಹತ್ರ ಕುಂತೆ.

"ಆಯೀ, ಸಂತಿಯಿಂದ ಹಣ್ಣು ಹ್ಯಾಂಗ ತರ್ತೀರಿ?"

"ಅದಿರ್ಲಿ ತಂಗಿ, ನೀ ಯಾರ ಪೈಕಿ?"

ಹೇಳಿದೆ. "ನಿಮ್ಮವ್ವನ ತವರುಮನಿ ಯಾವೂರು?" ಆಳಂದ ಅಂದೆ. "ಆಳಂದದಾಗ ಯಾರ ಮನಿ?" ಅದೂ ಹೇಳಿದೆ. "ಲಗ್ನ ಯಾಕ ಆಗಿಲ್ಲ?" ಅಷ್ಟೊತ್ತಿಗಿ ಬಾಜೂ ಮನಿ ಹೆಣ್ಮಕ್ಕಳೂ ಬಂದು ಕುಂತಿದ್ರು. ರೊಟ್ಟಿ, ಶೇಂಗಾ ಹಿಂಡಿ ಬಂತು. "ಬುಟ್ಟಿ?" ಅಂದ್ರ, "ಛಲೋ ಅದ, ನೀ ಉಣ್ಣು."

ತಾಸು ಆದ ಮ್ಯಾಲ ಎದ್ದೆ. ಆಯಿ ಬಗ್ಗೆ ನನಗ ಒಂದಕ್ಷರ ತಿಳಿದಿರಲಿಲ್ಲ. ನನ್ನ ಬಗ್ಗೆ ಇಡೀ ಓಣಿಗಿ ತಿಳಿದಿತ್ತು.

ರೋಜಾದಾಗ ಮರ್ಯಾದಿ

ಮಾತಾಡಿಸಿದ್ರ ಹಿಂಗಾಗ್ತದ, ಬುಟ್ಟಿ ಬಳಸಾಕ ಕೊಟ್ಟುಬಿಡೂಣು ಅಂತ ದರ್ಗಾ ಹತ್ರದ ರೋಜಾ ಓಣ್ಯಾಗ ಹೂವು ಮಾರೋ ಒಬ್ಬ ಚಾಚಾನ ಅಂಗಡಿಗಿ ಹೋದೆ.

"ಚಾಚಾ, ಒಂದು ವಾರ ಇದರಾಗ ಏನಾದ್ರೂ ಒಯ್ರಿ. ಎಳೀರಿ, ಒಗೀರಿ, ಹಾಳಾದ್ರೂ ಅಡ್ಡಿಯಿಲ್ಲ."

"ಫಿಕರ್ ಮಾಡಬ್ಯಾಡ ಬೇಟಾ," ಅಂದ್ರು.

ವಾರ ಬಿಟ್ಟು ಹೋಗಿ ನೋಡ್ತೀನಿ, ಬುಟ್ಟಿ ಅಂಗಡಿಯ ಎಲ್ಲಕ್ಕಿಂತ ಮ್ಯಾಲಿನ ಹಲಗಿ ಮ್ಯಾಲ, ಪ್ಲಾಸ್ಟಿಕ್ ಹಾಳಿ ಸುತ್ತಿಸ್ಕೊಂಡು ಕುಂತದ! ಮುಂದೊಂದು ಊದಿನಕಡ್ಡಿ ಬ್ಯಾರೆ. ಚಾಚಾ ಮೀಸಿ ತಿರುವಿ ಅಂದ್ರು: "ನೋಡು ಬೇಟಾ, ಒಂದು ಗೀರೂ ಬಿದ್ದಿಲ್ಲ. ಯಾರಿಗೂ ಕೈ ಹಚ್ಚಗೊಟ್ಟಿಲ್ಲ!"

ಬೆಂಗಳೂರಿನ ಬುಟ್ಟಿ

ಉಳಿದಿದ್ದು ಕಮಲಾಪುರ ಸಂತಿ. ಅಲ್ಲಿ ಬಾಳೆಹಣ್ಣು ಮಾರೋ ಒಬ್ಬ ಸಾವ್ಕಾರ್ರು ಬುಟ್ಟಿ ನೋಡಿದ್ದೇ ತಡ, "ಬಂಗಾರದಂಥಾ ಬುಟ್ಟಿ ಮಾಡೀಯವಾ!" ಅಂದು ಕೈಗಿ ಎರಡು ಹಣ್ಣು ಕೊಟ್ಟು ಕಳಿಸಿದ್ರು. ಬಸ್ಸಿನ್ಯಾಗ ಹಣ್ಣು ತಿಂತಾ ಅಳು ಬರಾಕತ್ತಿತ್ತು.

ಆಮ್ಯಾಲ ತಲಿಗಿ ಹೊಳೀತು. ಅದೇ ಬುಟ್ಟಿಗಿ ನೀಲಿ ಬಣ್ಣ ಬಳಿದು ಮುಂದಿನ ವಾರ ಮತ್ತ ಹೋದೆ. "ಸಾವ್ಕಾರ್ರ, ಇದು ಬೆಂಗಳೂರಿನೋರು ಮಾಡಿದ್ದ್ರಿ."

ಅಷ್ಟೇ! ಸಾವ್ಕಾರ್ರು ತೋಳು ಏರಿಸಿದ್ರು. "ಈ ಹಿಡಿಕಿ ನೋಡು, ನಾಕು ಡಜನ್ ಇಟ್ರ ಕಿತ್ತು ಬರ್ತದ. ಇದನ್ನ ಮಾಡಿದವ ಬಾಳೆಹಣ್ಣು ಎತ್ತ್ಯಾನೇನು? ಬರೇ ಸುಲಿದು ತಿಂದಾನ!" ಬಾಜೂ ಬದನಿಕಾಯಿಯವ, ಹಿಂದಿನ ಉಳ್ಳಾಗಡ್ಡಿಯವ, ಹಾದೀಲೆ ಹೋಗೋರು, ಎಲ್ಲಾರೂ ನಿಂತು ಬೈದ್ರು. ನನಗ ಹಬ್ಬ ಆದಂಗಾತು.

ನಾ ತಲಿ ಬಗ್ಗಿಸಿ ಎಲ್ಲಾ ಬರ್ಕೊಳ್ಳೂದು ನೋಡಿ ಸಾವ್ಕಾರ್ರು ಸಮಾಧಾನ ಮಾಡಿದ್ರು: "ನೀ ಯಾಕ ಮಾರಿ ಸಣ್ಣ ಮಾಡ್ತಿ ತಂಗಿ? ಹೋದ ವಾರ ನೀ ಮಾಡಿದ್ದು ತಂದಿದ್ದಿ ನೋಡು, ಬುಟ್ಟಿ ಅಂದ್ರ ಅದು!"

ಪರೀಕ್ಷಾ

ಮರುದಿನಾನೇ ಪರೀಕ್ಷಾ. ಹಿಡಿಕಿ ಬದಲಿ ಮಾಡಾಕ ಪುರುಸೊತ್ತು ಸಿಗಲಿಲ್ಲ. ಸಾವ್ಕಾರ್ರು ಹೇಳಿದ ತಪ್ಪು ವರದಿನ್ಯಾಗ ಬರೆದು, ಅದೇ ನೀಲಿ ಬುಟ್ಟಿ ಒಯ್ದೆ. ಹೊರಗಿಂದ ಪರೀಕ್ಷಾ ಮಾಡಾಕ ಒಬ್ಬ ಸಾಹೇಬ್ರು ಬಂದಿದ್ರು. ಬಳಸೋರು ಎದುರಿಗೇ ಹೇಳ್ಲಿ ಅಂತ ಮೇಡಂ ಸಾವ್ಕಾರ್ರನ್ನೂ ಕರಿಸಿದ್ರು.

"ಹಿಡಿಕಿ ಕಿತ್ತು ಬರ್ತದ ಅಂತ ಹೇಳಿದೋರು ನೀವೇ ಅಲ್ರೀ?" ಸಾಹೇಬ್ರು ಕೇಳಿದ್ರು.

ಸಾವ್ಕಾರ್ರು ಬುಟ್ಟಿ ನೋಡಿದ್ರು, ಬುಟ್ಟಿ ಹಿಂದ ನಿಂತಿದ್ದ ನನ್ನ ನೋಡಿದ್ರು. ಇದು ಯಾರದು ಅಂತ ಆಗ ತಿಳೀತು. "ಛೇ ಛೇ! ಯಾವನ್ರೀ ಹಂಗಂದವ? ನಮ್ಮ ಹುಡುಗಿ ಮಾಡ್ಯಾಳ. ಕಲ್ಲು ತುಂಬಿದ್ರೂ ಏನಾಗಂಗಿಲ್ಲ!"

ಇದ್ದ ಒಂದೇ ತಪ್ಪೂ ಕೈಬಿಟ್ಟು ಹೋತು. "ಹಂಗಾದ್ರ ಈ ದೂರು ನೀನೇ ಹುಟ್ಟಿಸಿದೇನು?" ಅಂತ ಸಾಹೇಬ್ರು ನನ್ನ ಕಡೆ ತಿರುಗಿದ್ರು. ಕಣ್ಣ ಮುಂದ ಬರೇ ಸಿಮೆಂಟ್ ಚೀಲ.

"ನಾನೇ ನೋಡ್ತೀನಿ," ಅಂದು ಸಾಹೇಬ್ರು, ಸಾವ್ಕಾರ್ರು ತಂದು ಮೇಜಿನ ಮ್ಯಾಲ ಇಟ್ಟಿದ್ದ ಬಾಳೆಹಣ್ಣೆಲ್ಲಾ ತುಂಬಿ ಬುಟ್ಟಿ ಎತ್ತಿದ್ರು. ಲಟಕ್! ಹಿಡಿಕಿ ಅವರ ಕೈಯಾಗ, ಬುಟ್ಟಿ ಅವರ ಕಾಲ ಮ್ಯಾಲ.

ಒಂಟಿ ಕಾಲಿನ ಮ್ಯಾಲ ಕುಣೀತಾನೇ ಸಾಹೇಬ್ರು ಚೀರಿದ್ರು: "ಹುಡುಗಿ ಬರೆದಿದ್ದು ಖರೇ ಅದ! ಪಾಸ್ ಮಾಡ್ರಿ ಆಕೀನ್ನ!"

ನನಗ ಜೀವ ಬಂತು. ಸಾವ್ಕಾರ್ರಿಗಿ ಮಾತ್ರ ಸಮಾಧಾನ ಆಗಲಿಲ್ಲ. ನನ್ನ ಮರ್ಯಾದಿ ಉಳಿಸಾಕ ಮುಂದ ಬಂದು, ಕೈ ಮುಗಿದು ಅಂದ್ರು:

"ಬುಟ್ಟೀದು ಏನೂ ತಪ್ಪಿಲ್ಲರೀ ಸಾಹೇಬ್ರ. ನಿಮ್ಮ ಕಾಲು ಅಲ್ಲಿ ಇರಬಾರದಾಗಿತ್ತು."